ಮೂರನೆಯ ಅಂಪೈರ್ ಇಲ್ಲದ ಬಯಲು

ಕಳೆದ ಬೇಸಿಗೆಯ ಒಂದು ಸಂಜೆ ಕಡೂರು ತಾಲ್ಲೂಕಿನ ಸಿಂಗಟಗೆರೆಗೆ ಹೋಗಿದ್ದೆ. ಊರಂಚಿನ ಬಯಲಿನಲ್ಲಿ ಹುಡುಗರು ಟೆನಿಸ್ ಚೆಂಡು ಹಿಡಿದು ಕ್ರಿಕೆಟ್ ಆಡುತ್ತಿದ್ದರು. ನಮ್ಮ ಹಳ್ಳಿಗಳ ಕ್ರಿಕೆಟ್ಟನ್ನು ಬಲ್ಲ ಓದುಗರಿಗೆ ಅಲ್ಲಿನ ಒಂದು ಪದ್ಧತಿ ತಿಳಿದೇ ಇರುತ್ತದೆ. ಅಂಪೈರ್ ಆಗಿ ನಿಲ್ಲುವವನು ಹೊರಗಿನಿಂದ ಬಂದವನಲ್ಲ. ಬ್ಯಾಟಿಂಗ್ ಮಾಡುತ್ತಿರುವ ತಂಡದವನೇ. ತನ್ನ ಸರದಿಗಾಗಿ ಕಾಯುತ್ತಿರುವ ಹುಡುಗ ಅಷ್ಟು ಹೊತ್ತು ನ್ಯಾಯಾಧೀಶನಾಗುತ್ತಾನೆ. ತನ್ನ ಗೆಳೆಯನನ್ನು ತಾನೇ ‘ಔಟ್’ ಎಂದು ಕಳುಹಿಸಬೇಕಾದ ಇಕ್ಕಟ್ಟು ಅವನದು.

ಅಂದು ಒಂದು ಚೆಂಡು ದಾಂಡಿಗನ ಬ್ಯಾಟಿನ ಅಂಚನ್ನು ಸವರಿತೋ ಇಲ್ಲವೋ ಎಂಬಂತೆ ಹಾದು ಕೀಪರನ ಕೈ ಸೇರಿತು. ಕೂಗಾಟವೆದ್ದಿತು. ಅಂಪೈರ್ ಹುಡುಗ ಔಟ್ ಇಲ್ಲವೆಂದು ತಲೆಯಾಡಿಸಿದ. ಆಗ ಎರಡೂ ತಂಡದವರು ಓಡಿದ್ದು, ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಆಟವನ್ನು ಸೆರೆಹಿಡಿಯುತ್ತಿದ್ದ ಒಬ್ಬನ ಬಳಿಗೆ. ಆ ದೃಶ್ಯವನ್ನು ನಿಧಾನಗೊಳಿಸಿ ನೋಡಿದರು, ಹಿಗ್ಗಿಸಿ ನೋಡಿದರು. ಕಂಡದ್ದು ಮಸುಕಾದ ಒಂದು ಚುಕ್ಕೆ. ಪ್ರತಿಯೊಬ್ಬನೂ ಅದರಲ್ಲಿ ತನಗೆ ಬೇಕಾದುದನ್ನೇ ಕಂಡ. ಕೊನೆಗೆ ಬೇಸತ್ತ ಬೌಲರ್ ದಾಂಡಿಗನನ್ನೇ ಕೇಳಿದ: “ನೀನೇ ಹೇಳೋ, ತಗುಲ್ತೋ ಇಲ್ವೋ?” ದಾಂಡಿಗ ಕ್ಷಣ ಸುಮ್ಮನಿದ್ದು, “ವಿಡಿಯೋದಾಗೆ ಎಲ್ಲೈತೆ, ತೋರ್ಸು” ಎಂದ. ಅಲ್ಲಿಗೆ ಮಾತು ಮುಗಿಯಿತು, ಆಟ ಮುಂದುವರಿಯಿತು.

ಪ್ರಿಯ ಓದುಗರೇ, ಆ ಹುಡುಗ ಸುಳ್ಳು ಹೇಳಲಿಲ್ಲ. ಆದರೆ ನಿಜವನ್ನೂ ಹೇಳಲಿಲ್ಲ. ಚೆಂಡು ಬ್ಯಾಟಿಗೆ ತಾಗಿದ್ದರೆ ಅದು ಆ ಬಯಲಿನಲ್ಲಿ ಎಲ್ಲರಿಗಿಂತ ಮೊದಲು ತಿಳಿದಿದ್ದುದು ಅವನ ಅಂಗೈಗೆ. ಆದರೂ ಸಾಕ್ಷಿ ಹೇಳುವ ಹೊಣೆಯನ್ನು ಅವನು ಯಂತ್ರಕ್ಕೆ ವಹಿಸಿ ತಾನು ಹಗುರಾದ. ಆಟದ ಮೈದಾನಕ್ಕೆ ತಂತ್ರಜ್ಞಾನವು ತಂದಿರುವ ಬದಲಾವಣೆಗಳ ಕುರಿತು ಯೋಚಿಸುವಾಗಲೆಲ್ಲ ಆ ಮಾತು ನನ್ನನ್ನು ಕಾಡುತ್ತದೆ. ಸತ್ಯವನ್ನು ಹೇಳಲು ಯಂತ್ರವೊಂದು ಇದೆ ಎಂದಾದ ಮೇಲೆ ಮನುಷ್ಯನು ಸತ್ಯವಂತನಾಗಿರಬೇಕಾದ ಅಗತ್ಯವೇನು? ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಯಂತ್ರದ ಉಪಕಾರ

ಮೊದಲಿಗೆ ಯಂತ್ರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ನಮ್ಮ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಮೂರನೆಯ ಸ್ಥಾನ ಪಡೆದ ಓಟಗಾರ್ತಿಯ ಕಾಲ 55.41 ಸೆಕೆಂಡು. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಪದಕ ಕೈತಪ್ಪಿತು. ಯಾವ ಮನುಷ್ಯನ ಕಣ್ಣೂ ಆ ಅಂತರವನ್ನು ಗುರುತಿಸಲಾರದು. ಗುರಿಗೆರೆಯ ಮೇಲಿನ ಕ್ಯಾಮರಾ ಗುರುತಿಸಿತು. ಫಲಿತಾಂಶ ನಮಗೆ ನೋವು ತಂದಿತಾದರೂ ಅದು ಅನ್ಯಾಯವೆಂದು ಯಾರೂ ಹೇಳಲಿಲ್ಲ.

1992ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಟಿವಿ ಪರದೆಯ ಮುಂದೆ ಕುಳಿತ ಮೂರನೆಯ ಅಂಪೈರ್ ಸಚಿನ್ ತೆಂಡೂಲ್ಕರ್ ರನೌಟ್ ಆಗಿದ್ದಾರೆಂದು ತೀರ್ಪಿತ್ತರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಹಾಗೆ ತೀರ್ಪು ಪಡೆದವರಲ್ಲಿ ಅವರೇ ಮೊದಲಿಗರು. ಆ ಮೇಲೆ ಎಷ್ಟೋ ತಪ್ಪು ತೀರ್ಪುಗಳು ತಪ್ಪಿವೆ. ಒಂದು ತಪ್ಪು ತೀರ್ಪಿನಿಂದ ತರುಣ ಆಟಗಾರನೊಬ್ಬನ ಭವಿಷ್ಯವೇ ಮುರುಟಿಹೋಗಬಹುದೆಂಬುದನ್ನು ನೆನೆದರೆ ಇದು ಸಣ್ಣ ಉಪಕಾರವಲ್ಲ.

ಇನ್ನೂ ಒಂದು ಮಾತುಂಟು. ಹಳ್ಳಿಯ ಬಡ ಮಗುವೊಂದು ಜಿಲ್ಲಾ ಮಟ್ಟದ ಓಟಕ್ಕೆ ಹೋದಾಗ ಅದರ ಪರವಾಗಿ ಮಾತನಾಡಲು ಅಲ್ಲಿ ಯಾರೂ ಇರುವುದಿಲ್ಲ. ಆಯ್ಕೆದಾರರಿಗೆ ಅದರ ತಂದೆಯ ಪರಿಚಯವಿರುವುದಿಲ್ಲ. ವಿದ್ಯುನ್ಮಾನ ಗಡಿಯಾರವಾದರೋ ನೀನು ಯಾರ ಮಗ, ಯಾವ ಜಾತಿ, ಯಾವ ಶಾಲೆ ಎಂದು ಕೇಳುವುದಿಲ್ಲ. ಪಕ್ಷಪಾತವಿರುವೆಡೆ ಯಂತ್ರದ ಈ ನಿರ್ಲಿಪ್ತತೆಯೇ ಬಡವನ ಆಸರೆ. ಆದುದರಿಂದ ‘ಯಂತ್ರ ಬಂದು ಆಟ ಕೆಟ್ಟಿತು’ ಎಂದು ಸುಲಭವಾಗಿ ಹಳಿಯುವವರ ಸಾಲಿನಲ್ಲಿ ನಾನು ನಿಲ್ಲಲಾರೆ.

ಭದ್ರಾವತಿಯ ನಾಯಕ

ಆದರೆ ಇದೇ ಸೀಮೆಯವರೊಬ್ಬರ ಕಥೆಯನ್ನು ಇಲ್ಲಿ ನೆನೆಯಲೇಬೇಕು. ಕಡೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ಬೀರೂರು, ತರೀಕೆರೆಗಳನ್ನು ದಾಟಿದ ಮೇಲೆ ಸಿಗುವ ಊರು ಭದ್ರಾವತಿ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಅಲ್ಲಿ, 1949ರಲ್ಲಿ. 1980ರ ಫೆಬ್ರವರಿಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ನಿಮಿತ್ತ ಮುಂಬೈಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ ಒಂದೇ ಒಂದು ಟೆಸ್ಟ್ ಪಂದ್ಯ ಏರ್ಪಟ್ಟಿತ್ತು. ಅಂದು ಭಾರತದ ನಾಯಕರು ವಿಶ್ವನಾಥ್.

ಇಂಗ್ಲೆಂಡ್ 58 ರನ್ನುಗಳಿಗೆ 5 ವಿಕೆಟ್ ಕಳೆದುಕೊಂಡು ಕುಸಿದಿತ್ತು. ಇಯಾನ್ ಬಾಥಮ್ ಅವರಿಗೆ ಜೊತೆಯಾಗಿ ನಿಂತವರು ವಿಕೆಟ್ ಕೀಪರ್ ಬಾಬ್ ಟೇಲರ್. ಆಗ ಕಪಿಲ್ ದೇವ್ ಅವರ ಎಸೆತವೊಂದರಲ್ಲಿ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಟೇಲರ್ ತಮ್ಮ ಬ್ಯಾಟಿಗೆ ಚೆಂಡು ತಾಗಿಲ್ಲವೆಂಬ ಭಾವದಿಂದ ತಡವರಿಸಿ ನಿಂತರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್ ಅವರಿಗೂ ಹಾಗೆಯೇ ತೋರಿತ್ತು. ಅವರು ಅಂಪೈರ್ ಬಳಿಗೆ ಹೋಗಿ ಟೇಲರ್ ಅವರನ್ನು ಮರಳಿ ಆಡಲು ಕರೆಸಿಕೊಂಡರು. ಅನಂತರ ಬಾಥಮ್ ಮತ್ತು ಟೇಲರ್ ಆರನೆಯ ವಿಕೆಟಿಗೆ 171 ರನ್ ಸೇರಿಸಿದರು. ಭಾರತ ಆ ಪಂದ್ಯವನ್ನು 10 ವಿಕೆಟುಗಳಿಂದ ಸೋತಿತು.

ಈ ಪಂದ್ಯ ಇಂದು ನಡೆದಿದ್ದರೆ? ಟೇಲರ್ ಎರಡು ಕೈಗಳಿಂದ ‘ಟಿ’ ಆಕಾರ ಮಾಡಿ ಮರುಪರಿಶೀಲನೆ ಕೇಳುತ್ತಿದ್ದರು. ವಿಕೆಟ್ಟಿನ ಬಳಿ ಹುದುಗಿಸಿದ ಧ್ವನಿಗ್ರಾಹಕವು ಹಿಡಿದ ಶಬ್ದದ ಗೆರೆ ಪರದೆಯ ಮೇಲೆ ನೇರವಾಗಿ ಹರಿಯುತ್ತಿತ್ತು. ತೀರ್ಪು ಬದಲಾಗುತ್ತಿತ್ತು. ಫಲಿತಾಂಶವೂ ಬಹುಶಃ ಅದೇ ಆಗಿರುತ್ತಿತ್ತು. ಹಾಗಾದರೆ ನಾವು ಕಳೆದುಕೊಂಡದ್ದೇನು? ತನಗೆ ನಷ್ಟವಾಗುವುದೆಂದು ತಿಳಿದೂ ನಿಜದ ಪರವಾಗಿ ನಿಂತ ಮನುಷ್ಯನೊಬ್ಬನನ್ನು. ಟೇಲರ್ ಅವರಿಗೆ ನ್ಯಾಯವನ್ನು ಯಂತ್ರವೂ ಕೊಡಬಲ್ಲದು. ಆದರೆ ಆ ನ್ಯಾಯಕ್ಕೆ ಬೆಲೆ ತೆರಲು ಯಂತ್ರದ ಬಳಿ ಏನೂ ಇಲ್ಲ. ವಿಶ್ವನಾಥ್ ಅವರ ಬಳಿ ಒಂದು ಪಂದ್ಯವಿತ್ತು.

ಬ್ಯಾಟಿಂಗ್ ಮಾಡುವಾಗಲೂ ವಿಶ್ವನಾಥ್, ಚೆಂಡು ತಾಗಿದ್ದು ತಮಗೆ ತಿಳಿದರೆ ಅಂಪೈರ್ ಬೆರಳಿಗಾಗಿ ಕಾಯದೆ ಹೊರನಡೆಯುವವರೆಂದು ಹೆಸರಾಗಿದ್ದರು. ಇಂದು ಅಂತಹ ನಡಿಗೆಯನ್ನು ನಾವು ಮೈದಾನದಲ್ಲಿ ಕಾಣುವುದು ಅಪರೂಪ. ತಾಗಿದ್ದು ತಿಳಿದಿದ್ದರೂ ಮುಖದಲ್ಲಿ ಏನನ್ನೂ ತೋರದೆ ನಿಲ್ಲುತ್ತಾರೆ. ಎದುರಾಳಿಗಳಲ್ಲಿ ಮರುಪರಿಶೀಲನೆಯ ಅವಕಾಶ ಮುಗಿದಿದ್ದರೆ ನಿಶ್ಚಿಂತೆಯಿಂದ ಆಡುತ್ತಾರೆ. ‘ಕಂಡುಹಿಡಿಯುವುದು ಅವರ ಕೆಲಸ, ನಿಲ್ಲುವುದು ನನ್ನ ಹಕ್ಕು’ ಎಂಬುದು ಇದರ ಹಿಂದಿನ ತರ್ಕ. ಯಂತ್ರ ಬರುವ ಮೊದಲೂ ಹೀಗೆ ನಿಲ್ಲುವವರಿದ್ದರು, ಒಪ್ಪೋಣ. ಆದರೆ ಆಗ ಹಾಗೆ ನಿಂತವನಿಗೆ ತಾನು ಏನನ್ನೋ ಮುಚ್ಚಿಡುತ್ತಿದ್ದೇನೆಂಬ ಅಳುಕಾದರೂ ಇರಬಹುದಿತ್ತು. ಈಗ ವ್ಯವಸ್ಥೆಯೇ ಆ ಅಳುಕನ್ನು ಅವನಿಂದ ಇಳಿಸಿಕೊಂಡಿದೆ.

ಸಿಕ್ಕಿಬೀಳುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಇರುವ ಅಂತರವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ನೋಡಿದರೆ ಎರಡರಲ್ಲೂ ಸತ್ಯ ಬೆಳಕಿಗೆ ಬರುತ್ತದೆ. ಆದರೆ ಸಿಕ್ಕಿಬಿದ್ದವನು ಮೊದಲಿದ್ದಂತೆಯೇ ಉಳಿಯಬಹುದು. ತಾನಾಗಿಯೇ ಒಪ್ಪಿಕೊಂಡವನು ಬೇರೆಯವನಾಗುತ್ತಾನೆ. ಯಂತ್ರವು ಮೊದಲನೆಯದನ್ನು ಮಾತ್ರ ಮಾಡಬಲ್ಲದು.

ಕಾಣುವುದು ಮತ್ತು ಅರಿಯುವುದು

ರೈಲನ್ನು ಭದ್ರಾವತಿಯ ಬದಲು ಬೆಂಗಳೂರಿನ ಕಡೆಗೆ ಹಿಡಿದರೆ ಅರಸೀಕೆರೆ ಸಿಗುತ್ತದೆ. ಆ ತಾಲ್ಲೂಕಿನ ಜಾವಗಲ್ ಊರಿನ ಹೆಸರನ್ನು ಜಗತ್ತಿಗೆಲ್ಲ ಪರಿಚಯಿಸಿದವರು ವೇಗದ ಬೌಲರ್ ಜಾವಗಲ್ ಶ್ರೀನಾಥ್. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟುಗಳನ್ನು ಒಬ್ಬರೇ ಉರುಳಿಸಿದ್ದರು. ಉಳಿದಿದ್ದುದು ಒಂದೇ. ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದ ಶ್ರೀನಾಥ್, ಅದು ತಮ್ಮ ಪಾಲಾಗದಿರಲೆಂದು ಚೆಂಡನ್ನು ವಿಕೆಟಿನಿಂದ ದೂರ ದೂರಕ್ಕೆ ಎಸೆದರು. ಕುಂಬ್ಳೆ 74 ರನ್ನುಗಳಿಗೆ ಹತ್ತೂ ವಿಕೆಟ್ ಪಡೆದರು. ಟೆಸ್ಟ್ ಇತಿಹಾಸದಲ್ಲಿ ಹಾಗೆ ಮಾಡಿದ ಎರಡನೆಯ ಬೌಲರ್ ಎನಿಸಿದರು.

ಈಗ ಇನ್ನೊಂದು ಘಟನೆ. 2010ರ ಆಗಸ್ಟಿನಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ಇಬ್ಬರು ಬೌಲರುಗಳು ಹಣಕ್ಕಾಗಿ, ಮೊದಲೇ ಗೊತ್ತುಮಾಡಿಕೊಂಡಂತೆ ಗೆರೆ ದಾಟಿ ನೋಬಾಲ್ ಎಸೆದರು. ಮರುವರ್ಷ ಲಂಡನ್ನಿನ ನ್ಯಾಯಾಲಯ ಅವರಿಗೂ ಅವರ ನಾಯಕನಿಗೂ ಸೆರೆಮನೆವಾಸ ವಿಧಿಸಿತು.

ಎರಡನ್ನೂ ಒಂದು ಕ್ಯಾಮರಾದ ಮುಂದಿಟ್ಟು ನೋಡಿ. ಎರಡೂ ಬೇಕೆಂದೇ ಎಸೆದ ಕೆಟ್ಟ ಎಸೆತಗಳು. ಚೆಂಡು ಎಲ್ಲಿ ಬಿತ್ತು, ಪಾದ ಗೆರೆಯನ್ನು ಎಷ್ಟು ದಾಟಿತು ಎಂಬುದನ್ನು ಯಂತ್ರ ಕೂದಲೆಳೆಯಷ್ಟು ನಿಖರವಾಗಿ ಹೇಳೀತು. ಒಂದು ಗೆಳೆಯನ ಮೇಲಿನ ಪ್ರೀತಿಯಿಂದ, ಇನ್ನೊಂದು ಹಣದ ಮೇಲಿನ ಆಸೆಯಿಂದ ಎಂಬುದನ್ನು ಹೇಳಲಾರದು. ಲಾರ್ಡ್ಸ್‌ನ ವಂಚನೆ ಬಯಲಾದದ್ದು ಕೂಡ ಮೈದಾನದ ಕ್ಯಾಮರಾಗಳಿಂದಲ್ಲ. ಒಬ್ಬ ದಲ್ಲಾಳಿ ಹಣ ಪಡೆದು ಮುಂಚಿತವಾಗಿ ಆಡಿದ ಮಾತನ್ನು ಪತ್ರಿಕೆಯೊಂದು ಗುಟ್ಟಾಗಿ ಸೆರೆಹಿಡಿದಿದ್ದರಿಂದ. ಶ್ರೀನಾಥ್ ಮಾಡಿದ್ದು ಸರಿಯೇ ಎಂದು ಕಟ್ಟುನಿಟ್ಟಿನ ಓದುಗರೊಬ್ಬರು ಕೇಳಬಹುದು. ಕೇಳಲಿ. ಆದರೆ ಆ ಚರ್ಚೆಯನ್ನು ನಡೆಸಬೇಕಾದವರು ನಾವು. ಅದನ್ನು ಯಾವ ಪರದೆಯೂ ನಮಗಾಗಿ ತೀರ್ಮಾನಿಸಿಕೊಡದು.

ಅಂಕಿಯ ಅಮಲು

ಅಂಕಿ ನಿಖರವಾಗಿದ್ದರೂ ಅದರಿಂದ ನಾವು ತೆಗೆಯುವ ಅರ್ಥ ತಪ್ಪಾಗಬಹುದು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ತರುಣ 142.5 ಮೀಟರ್ ದೂರದ ಕೆಸರುಗದ್ದೆಯನ್ನು ಕೋಣಗಳೊಂದಿಗೆ 13.62 ಸೆಕೆಂಡುಗಳಲ್ಲಿ ಓಡಿದರೆಂಬ ಸುದ್ದಿ ಹಬ್ಬಿತು. ಯಾರೋ ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಮೊಬೈಲಿನಿಂದ ಮೊಬೈಲಿಗೆ ಹಾರಿ ಒಂದೆರಡು ದಿನಗಳಲ್ಲಿ ಆ ತರುಣ ‘ಬೋಲ್ಟ್‌ನನ್ನು ಮೀರಿಸಿದವ’ನಾದರು. ಕೋಣಗಳ ಸೆಳೆತ, ಕೆಸರು, ಕಂಬಳದ ವಿಧಾನ ಇವೆಲ್ಲವೂ ಆ ಭಾಗಾಕಾರದಲ್ಲಿ ಮಾಯವಾದವು. ಭಾರತೀಯ ಕ್ರೀಡಾ ಪ್ರಾಧಿಕಾರವು ಓಟದ ಪರೀಕ್ಷೆಗೆ ಕರೆದಾಗ ಶ್ರೀನಿವಾಸ ಗೌಡರು ನಯವಾಗಿ ನಿರಾಕರಿಸಿದರು. ಎಲ್ಲರೂ ಅಂಕಿಯ ಅಮಲಿನಲ್ಲಿದ್ದಾಗ ಕಂಬಳ ಬೇರೆ, ಟ್ರ್ಯಾಕ್ ಬೇರೆ ಎಂಬ ವಿವೇಕ ಉಳಿದಿದ್ದುದು ಓಡಿದವರಲ್ಲೇ.

ತರಬೇತುದಾರರ ಪಾಡೂ ಇದಕ್ಕಿಂತ ಬೇರೆಯಲ್ಲ. ಇಂದು ದೊಡ್ಡ ತಂಡಗಳ ಆಟಗಾರರು ಅಂಗಿಯೊಳಗೆ ಧರಿಸುವ ಸಣ್ಣ ಸಾಧನವೊಂದು ಅವರು ಎಷ್ಟು ಓಡಿದರು, ಎಷ್ಟು ವೇಗವಾಗಿ ತಿರುಗಿದರು ಎಂಬುದನ್ನೆಲ್ಲ ದಾಖಲಿಸುತ್ತದೆ. ಹೃದಯದ ಬಡಿತವನ್ನೂ ಎಣಿಸುತ್ತಾರೆ. ಇದರಿಂದ ಅತಿಶ್ರಮವನ್ನು ಮೊದಲೇ ಗುರುತಿಸಲು, ಗಾಯಗಳನ್ನು ತಡೆಯಲು ನೆರವಾಗುತ್ತದೆ. ಆದರೆ ತಂಡದಲ್ಲಿ ಸ್ಥಾನ ತಪ್ಪುವುದೆಂಬ ಭಯದಿಂದ ಮೊಣಕಾಲಿನ ನೋವನ್ನು ನುಂಗಿಕೊಂಡು ಓಡುವ ಹುಡುಗಿಯ ಮಾತೇನು? ಬೆಳಗ್ಗೆ ಏನನ್ನೂ ತಿನ್ನದೆ ಅಭ್ಯಾಸಕ್ಕೆ ಬಂದು ‘ತಿಂಡಿ ಆಯ್ತು ಸಾರ್’ ಎನ್ನುವ ಹುಡುಗನ ಮಾತೇನು? ಸಾಧನವು ವೇಗ ಕುಗ್ಗಿದ್ದನ್ನು ತೋರಿಸೀತು. ನೋವನ್ನೂ ಹಸಿವನ್ನೂ ಬಾಯಿಬಿಟ್ಟು ಹೇಳಬೇಕಾದರೆ ಕೇಳುವವರ ಮೇಲೆ ನಂಬಿಕೆ ಬೇಕು. ಬದಿಯಲ್ಲಿ ಕರೆದು ಕೂರಿಸಿ “ಏನಮ್ಮಾ, ಯಾಕೆ ಹೀಗಿದ್ದೀಯ?” ಎಂದು ಕೇಳುವ ಶಿಕ್ಷಕರು ಬೇಕು. ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಲೇ ಕುಳಿತವರಿಗೆ ಮುಖ ನೋಡಲು ಬಿಡುವಿಲ್ಲದಂತಾದರೆ, ಎಲ್ಲವೂ ಅಳೆಯಲ್ಪಟ್ಟ ಮಗುವೊಂದು ಯಾರಿಗೂ ಅರ್ಥವಾಗದೆ ಉಳಿದುಬಿಡುತ್ತದೆ.

ಯಂತ್ರದ ವಿನಯ, ನಮ್ಮ ಅಹಂ

ಕ್ರಿಕೆಟ್ಟಿನ ತೀರ್ಪು ಮರುಪರಿಶೀಲನಾ ಪದ್ಧತಿಯನ್ನು ಟೆಸ್ಟ್‌ನಲ್ಲಿ ಮೊದಲು ಪ್ರಯೋಗಿಸಿದ್ದು 2008ರ ಭಾರತ-ಶ್ರೀಲಂಕಾ ಸರಣಿಯಲ್ಲಿ. ಆಗ ಭಾರತದ ನಾಯಕರಾಗಿದ್ದವರು ಅನಿಲ್ ಕುಂಬ್ಳೆ. ಅನಂತರ ಹಲವು ವರ್ಷ ಭಾರತ ಅದನ್ನು ಪೂರ್ಣವಾಗಿ ಒಪ್ಪಲಿಲ್ಲ. 2016ರಲ್ಲಿ ಇಂಗ್ಲೆಂಡಿನ ವಿರುದ್ಧದ ಸರಣಿಯಲ್ಲಿ ಒಪ್ಪಿದಾಗ ಕುಂಬ್ಳೆಯವರೇ ತಂಡದ ತರಬೇತುದಾರರಾಗಿದ್ದರು.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಎಲ್‌ಬಿಡಬ್ಲ್ಯು ತೀರ್ಪಿನಲ್ಲಿ ಚೆಂಡು ಪ್ಯಾಡಿಗೆ ಬಡಿಯುವವರೆಗಿನ ಹಾದಿಯನ್ನು ಮಾತ್ರ ಕ್ಯಾಮರಾಗಳು ಕಂಡಿರುತ್ತವೆ. ಪ್ಯಾಡ್ ಅಡ್ಡ ಬರದಿದ್ದರೆ ಅದು ವಿಕೆಟಿಗೆ ಬಡಿಯುತ್ತಿತ್ತೇ ಎಂಬುದು ನಡೆಯದೇ ಹೋದ ಸಂಗತಿ. ಅದನ್ನು ಯಂತ್ರ ಕಂಡಿಲ್ಲ, ಊಹಿಸುತ್ತದೆ. ಆದುದರಿಂದಲೇ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟಿಗೆ ತಗಲುವಂತೆ ತೋರಿದರೆ ಮೈದಾನದಲ್ಲಿ ನಿಂತ ಅಂಪೈರ್ ಮೊದಲು ಕೊಟ್ಟ ತೀರ್ಪೇ ಉಳಿಯುತ್ತದೆ. ‘ಅಂಪೈರ್ಸ್ ಕಾಲ್’ ಎನ್ನುವುದು ಇದನ್ನೇ. ‘ಇಲ್ಲಿಗೆ ನನ್ನ ಅರಿವು ಮುಗಿಯಿತು, ಇನ್ನು ಮುಂದೆ ಮನುಷ್ಯನ ವಿವೇಚನೆ’ ಎಂದು ಯಂತ್ರವನ್ನು ರೂಪಿಸಿದವರೇ ಒಪ್ಪಿಕೊಂಡಂತಾಯಿತು.

ಆದರೆ ನೋಡುವ ನಮ್ಮಲ್ಲಿ ಆ ವಿನಯವಿದೆಯೇ? ಒಂದು ಕಾಲದಲ್ಲಿ ಊರಿಗೊಂದು ರೇಡಿಯೋ ಇತ್ತು. ವೀಕ್ಷಕ ವಿವರಣೆಕಾರ ಹೇಳಿದ್ದನ್ನು ನಂಬಿ ಕೇಳುತ್ತಿದ್ದೆವು. ಕಾಣದ ಆಟವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದೆವು. ಈಗ ನಮ್ಮ ಅಂಗೈಯಲ್ಲೇ ಹಲವು ಕೋನಗಳ ದೃಶ್ಯವಿದೆ. ಸೋಫಾದ ಮೇಲೆ ಕುಳಿತು ಐದು ಬಾರಿ ನಿಧಾನಗತಿಯಲ್ಲಿ ನೋಡಿದ ಮೇಲೆ, ಒಂದೇ ಬಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿ ತೀರ್ಪಿತ್ತ ಅಂಪೈರನ್ನು ‘ಕುರುಡ’ ಎನ್ನುತ್ತೇವೆ. ಕ್ಯಾಚ್ ಬಿಟ್ಟ ಹುಡುಗನ ಮನೆಯವರನ್ನೂ ಬಿಡದೆ ಮೊಬೈಲಿನಲ್ಲಿ ಹೀನಾಯವಾಗಿ ಬೈಯುವವರಿದ್ದಾರೆ. ಹೆಚ್ಚು ಕಂಡಷ್ಟೂ ಹೆಚ್ಚು ಅರಿಯಬೇಕಾಗಿತ್ತು. ಹೆಚ್ಚು ಅರಿತಷ್ಟೂ ಹೆಚ್ಚು ಕ್ಷಮಿಸಬೇಕಾಗಿತ್ತು. ಆದದ್ದು ಬೇರೆ.

ಇದಕ್ಕೆ ಹಣದ ಆಸೆಯೂ ಕೂಡಿಕೊಂಡಿತು. ಆಟ ನೋಡುತ್ತಲೇ ಮೊಬೈಲಿನಲ್ಲಿ ಹಣ ಕಟ್ಟುವ ಚಟ ಹಳ್ಳಿಗಳಿಗೂ ಹಬ್ಬಿ ಎಷ್ಟೋ ಮನೆಗಳನ್ನು ಸಾಲಕ್ಕೆ ದೂಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಕಾಯ್ದೆಯೂ ಒಂದು ರೀತಿಯ ಮೂರನೆಯ ಅಂಪೈರ್. ಅದು ಹಿಡಿಯಬಲ್ಲದು, ಆಸೆಯನ್ನು ನಮ್ಮ ಬದಲಿಗೆ ಬಿಡಲಾರದು.

ಮತ್ತೆ ಸಿಂಗಟಗೆರೆಯ ಬಯಲಿಗೆ

ಓದುಗರೇ, ನಮ್ಮ ಬದುಕಿನ ಬಹುಪಾಲು ಆಟ ನಡೆಯುವುದು ಕ್ಯಾಮರಾಗಳಿಲ್ಲದ ಬಯಲಿನಲ್ಲಿ. ಅಣ್ಣತಮ್ಮಂದಿರು ಹೊಲದ ಬದುವನ್ನು ಗುರುತಿಸುವಾಗ, ಅಂಗಡಿಯಾತ ಹೆಚ್ಚಾಗಿ ಚಿಲ್ಲರೆ ಕೊಟ್ಟಾಗ, ತೀರಿಹೋದ ತಂದೆ ಬಾಯಿಮಾತಿನಲ್ಲಿ ಮಾಡಿದ್ದ ಸಾಲದ ನೆನಪು ನಮಗೊಬ್ಬರಿಗೇ ಇದ್ದಾಗ ಯಾವ ಮರುಪ್ರಸಾರವೂ ಇರುವುದಿಲ್ಲ. ಅಲ್ಲಿ ಬ್ಯಾಟಿಂಗ್ ಮಾಡುವವರೂ ನಾವೇ, ಅಂಪೈರುಗಳೂ ನಾವೇ. ಹಳ್ಳಿಯ ಕ್ರಿಕೆಟ್ಟು ಗೊತ್ತಿಲ್ಲದೆಯೇ ನಮ್ಮ ಮಕ್ಕಳಿಗೆ ಕಲಿಸುತ್ತಿದ್ದುದು ಈ ಕಷ್ಟದ ಪಾಠವನ್ನೇ: ತನ್ನವನ ವಿರುದ್ಧ, ತನ್ನ ವಿರುದ್ಧವೇ, ಬೆರಳೆತ್ತುವುದು. ಅದು ಸದಾ ಯಶಸ್ವಿಯಾಗಿತ್ತು ಎಂದೇನೂ ಅಲ್ಲ. ಜಗಳವಾಗಿ ವಿಕೆಟ್ ಕಿತ್ತೊಯ್ದ ಸಂಜೆಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಪ್ರತಿ ಸಂಜೆಯೂ ಆ ಪ್ರಶ್ನೆ ಎದುರಾಗುತ್ತಿತ್ತು.

ಸಿಂಗಟಗೆರೆಯ ಆ ಹುಡುಗನನ್ನು ದೂರಲು ನನಗೆ ಮನಸ್ಸಿಲ್ಲ. ಅವನು ಟಿವಿಯಲ್ಲಿ ಕಂಡ ದೊಡ್ಡವರಿಂದಲೇ ಆ ಉತ್ತರವನ್ನು ಕಲಿತವನು. ದೊಡ್ಡವರಾದ ನಾವೂ ಕಚೇರಿಗಳಲ್ಲಿ, ವ್ಯವಹಾರಗಳಲ್ಲಿ, ಮನೆಗಳಲ್ಲಿ ‘ಸಾಕ್ಷಿ ಎಲ್ಲಿದೆ ತೋರಿಸಿ’ ಎಂದು ಹೇಳಿ ಎಷ್ಟು ಬಾರಿ ಪಾರಾಗಿಲ್ಲ? ಅವನ ಮಾತು ಕೇಳಿ ನನಗೆ ಕಸಿವಿಸಿಯಾದದ್ದಕ್ಕೆ ಅದೂ ಒಂದು ಕಾರಣ. ಅದು ನನ್ನ ಮಾತೂ ಆಗಿತ್ತು.

ಯಂತ್ರವನ್ನು ಮೈದಾನದಿಂದ ಹೊರಹಾಕಿ ಎಂದು ನಾನು ಹೇಳುವುದಿಲ್ಲ. ಅದು ಇರಲಿ, ಬಡ ಮಗುವಿನ ಓಟವನ್ನು ಸರಿಯಾಗಿ ಅಳೆಯಲಿ, ತಪ್ಪು ತೀರ್ಪನ್ನು ತಿದ್ದಲಿ. ಆದರೆ ತಂದೆತಾಯಿಯರಲ್ಲಿ, ಶಿಕ್ಷಕರಲ್ಲಿ, ತರಬೇತುದಾರರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮಕ್ಕಳ ಆಟದಲ್ಲಿ ಸಂಶಯ ಹುಟ್ಟಿದಾಗ ಮೊಬೈಲನ್ನು ತೆರೆಯುವ ಮೊದಲು ಆಡಿದ ಮಗುವನ್ನೇ ಒಮ್ಮೆ ಕೇಳಿ: “ನಿನಗೆ ಗೊತ್ತಲ್ಲ ಮಗು, ಏನಾಯಿತು?” ಮಗು ನಿಜ ಹೇಳಿ ಸೋತರೆ, ಗೆದ್ದವರಿಗಿಂತ ಮೊದಲು ಅದರ ಬೆನ್ನು ತಟ್ಟಿ. ಭದ್ರಾವತಿಯವರೊಬ್ಬರು ಒಂದು ಪಂದ್ಯ ಸೋತ ಕಥೆಯನ್ನು ಅದಕ್ಕೆ ಹೇಳಿ.

ಆ ಮೇಲೆ, ಮಕ್ಕಳು ಮಲಗಿದ ಹೊತ್ತಿನಲ್ಲಿ, ಅದೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ಚೆಂಡು ತಗುಲಿತೋ, ಇಲ್ಲವೋ?